ಕಲ್ಲು ಹೇಳಿದಷ್ಟೇ

ಬೆಂಗಳೂರಿನ ಅಂಚಿನ ಒಂದು ಹಳ್ಳಿ. ರಾಗಿ ಹೊಲವಿದ್ದ ಜಾಗದಲ್ಲಿ ಅಪಾರ್ಟ್‌ಮೆಂಟಿನ ಕಂಬಗಳು ಏಳುತ್ತಿವೆ. ಗುಡಿಯ ಹಿಂದಿನ ಶಾಸನಕಲ್ಲಿಗೆ ಸುಣ್ಣ, ಎಣ್ಣೆ, ಅರಿಸಿನ, ಕುಂಕುಮ ಪದರ ಪದರವಾಗಿ ಮೆತ್ತಿಕೊಂಡಿವೆ. ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತಿರುವ ಹೆಂಗಸಿಗೆ ನಲವತ್ತರ ಆಸುಪಾಸು. ಸಹಾಯ ಮಾಡಲೆಂದು ಹುಡುಗನೊಬ್ಬ ತಂತಿ ಬ್ರಷ್ಷು, ಆ್ಯಸಿಡ್ ಬಾಟಲಿ ತಂದ. ಆಕೆ ಎರಡನ್ನೂ ದೂರ ಇಡಿಸಿದರು. ಬರೀ ನೀರು, ನಾರಿನ ಬ್ರಷ್ಷು, ತಾಳ್ಮೆ. ಕಲ್ಲು ತೊಳೆದ ಮೇಲೆ ಒದ್ದೆ ಕಾಗದ ಹಾಸಿ, ಅದು ಅಕ್ಷರದ ಗುಳಿಗಳೊಳಗೆ ಇಳಿಯುವವರೆಗೆ ಬ್ರಷ್ಷಿನಿಂದ ತಟ್ಟಿದರು. ಅರೆ ಒಣಗಿದಾಗ ಮಸಿಯುಂಡೆ ಒತ್ತುತ್ತ ಹೋದರು. ಕಪ್ಪಿನ ನಡುವೆ ಬಿಳಿ ಸಾಲುಗಳು ಒಂದೊಂದಾಗಿ ಮೇಲೆದ್ದವು. ಇದೇ ಪಡಿಯಚ್ಚು.

ಸುತ್ತ ನೆರೆದವರಿಗೆ ಬೇಕಾದ್ದು ಒಂದೇ. "ಗುಡಿ ಎಷ್ಟು ಹಳೇದು ಮೇಡಮ್ಮೋರೆ?"

ಆಕೆ ತೋರುಬೆರಳಲ್ಲಿ ಸಾಲು ಹಿಡಿದು ಓದಿದರು: ಶಕವರ್ಷ 1459, ಹೇವಿಳಂಬಿ ಸಂವತ್ಸರ. ಶಕಕ್ಕೆ 78 ಕೂಡಿದರೆ 1537. ಅರವತ್ತು ವರ್ಷಗಳ ಸುತ್ತಿನಲ್ಲಿ ಹೇವಿಳಂಬಿಯೂ ಅಲ್ಲಿಗೇ ಬಂದು ಕೂರುತ್ತದೆ. ವಿಜಯನಗರದಲ್ಲಿ ಅಚ್ಯುತರಾಯ ಆಳುತ್ತಿದ್ದ ಕಾಲ. ಊರಿನ ಗೌಡನೊಬ್ಬ ನಂದಾದೀವಿಗೆಗೆ ಭೂಮಿ ಬಿಟ್ಟ ಸಂಗತಿ.

ಗುಡಿ ಟ್ರಸ್ಟಿನ ಹಿರಿಯರ ಮುಖ ಇಳಿಯಿತು. "ಸಾವ್ರ ವರ್ಸದ್ದು ಅಂತ ನಮ್ ತಾತ ಹೇಳ್ತಿದ್ರು. ಸಾವ್ರ ಅಂತಾನೇ ಬರ್ಕೊಡಿ ತಾಯಿ, ಖರ್ಚು ಎಷ್ಟಾದ್ರೂ ಕೊಡ್ತೀವಿ."

"ಯಜಮಾನ್ರೇ, ಈ ಕಲ್ಲು ನೆಡೋಕೆ ಮುಂಚೇನೂ ಇಲ್ಲಿ ಗುಡಿ ಇದ್ದಿರಬಹುದು. ಇತ್ತು ಅನ್ನೋಕೆ ನನ್ನ ಹತ್ರ ದಾಖಲೆ ಇಲ್ಲ. ನಿಮ್ಮ ತಾತನ ಮಾತನ್ನ ಊರ ನಂಬಿಕೆ ಅಂತ ಬೇರೆ ಬರೀತೀನಿ. ಸಾವಿರ ಅಂತ ಸಹಿ ಹಾಕಲ್ಲ."

ಸ್ವತಂತ್ರ ಇತಿಹಾಸ ಸಲಹೆಗಾರರ ಬದುಕು ನಿಂತಿರುವುದು ಈ ಉತ್ತರದ ಮೇಲೆ. ಸಂಬಳವಿಲ್ಲ, ಹುದ್ದೆಯಿಲ್ಲ, ಹಿಂದೆ ನಿಲ್ಲುವ ವಿಶ್ವವಿದ್ಯಾಲಯವಿಲ್ಲ. ಇರುವುದು ಓದಿನ ಬಲ, ಸಹಿಯ ಬೆಲೆ. ಬೇಕಾದಂತೆ ಬರೆದುಕೊಟ್ಟರೆ ಒಂದು ಸಲ ಹಣ ಬರುತ್ತದೆ. ಮುಂದೆ ಆ ಸಹಿಯನ್ನು ಯಾರೂ ನಂಬುವುದಿಲ್ಲ.

ಇತಿಹಾಸ ಎಂ.ಎ. ಮುಗಿಸಿ ಅತಿಥಿ ಉಪನ್ಯಾಸಕಿಯಾಗಿ ಕಾಲೇಜು ಕಾಲೇಜು ಅಲೆದವರು ಈಕೆ. ಆ ದಿನಗಳಲ್ಲೇ ಹಳಗನ್ನಡ ಲಿಪಿ ಕಲಿತರು, ಆಮೇಲೆ ಮೋಡಿ. ಮರಾಠರ ಕಾಲದ ಕಾಗದಗಳನ್ನು ಓದಬೇಕಾದರೆ ಮೋಡಿ ಬೇಕು. ಕರಾವಳಿಯ ತಾಳೆಗರಿ ಓದಲು ತಿಗಳಾರಿ ಬೇಕು. ಈ ಓದು ಬಲ್ಲವರು ಕಡಿಮೆ, ಓದಿಸಬೇಕಾದ ಮನೆತನಗಳು ಹೆಚ್ಚು. ಮೊದಲ ಸಂಪಾದನೆ ಬಂದದ್ದು ಆ ಕಡೆಯಿಂದಲೇ. ಹಳ್ಳಿಯ ಮನೆಯೊಂದರ ಅಟ್ಟದಿಂದ ಇಳಿಸಿದ ಕಡತ ಅವರ ಮುಂದೆ ಬಿಚ್ಚಿಕೊಂಡಿತು: ಹುಣಸೆಬೀಜದ ಸರಿಗೆ ಇದ್ದಿಲು ಬೆರೆಸಿ ಬಳಿದ ಕರಿ ಬಟ್ಟೆ, ಮಡಿಕೆ ಮಡಿಕೆಯಾಗಿ ತೆರೆಯುವ ಪುಟ, ಬಳಪದಲ್ಲಿ ಬರೆದ ಲೆಕ್ಕ. ಕೈ ತಾಗಿದರೆ ಅಕ್ಷರ ಅಳಿಸಿಹೋಗುತ್ತದೆ. ಮೊದಲು ಫೋಟೊ, ಆಮೇಲೆ ಓದು.

ಈಗ ಬಗೆಬಗೆಯ ಕೆಲಸ ಬರುತ್ತದೆ. ಹಳೇ ಕಟ್ಟಡ ದುರಸ್ತಿ ಮಾಡುವ ವಾಸ್ತುಶಿಲ್ಪಿಗೆ ಮೂಲ ನಕ್ಷೆ ಹುಡುಕಿಕೊಡಬೇಕು. ವಕೀಲರಿಗೆ ಇನಾಂ ಜಮೀನಿನ ಹಿನ್ನೆಲೆ ಬೇಕು. 1954ರ ಮೈಸೂರು ಇನಾಂ ರದ್ದತಿ ಕಾಯ್ದೆಗೆ ಮುಂಚೆ ಯಾರ ಹೆಸರಲ್ಲಿತ್ತು, ಯಾಕೆ ಬಂತು ಎಂಬುದು. ಸಿನಿಮಾದವರು ಹೊಯ್ಸಳರ ಕಾಲದ ಅಡುಗೆಮನೆಯ ಸೆಟ್ಟು ಹಾಕಿ ಕರೆಯುತ್ತಾರೆ. ಗೋಡೆಯಲ್ಲಿ ಒಣಮೆಣಸಿನಕಾಯಿಯ ಸರ ತೂಗುತ್ತಿರುತ್ತದೆ. ಆಕೆ ತೆಗೆಸುತ್ತಾರೆ. ಮೆಣಸಿನಕಾಯಿ ಅಮೆರಿಕ ಖಂಡದ್ದು, ಪೋರ್ಚುಗೀಸರು ಬಂದ ಮೇಲಷ್ಟೇ ನಮ್ಮ ಅಡುಗೆಗೆ ಇಳಿದದ್ದು. ಹೊಯ್ಸಳರ ಸಾರಿನ ಖಾರ ಕಾಳುಮೆಣಸಿನದು.

ಕರಾರು ಪತ್ರದ ವಿಷಯದಲ್ಲಿ ಆಕೆ ಬಹಳ ಬಿಗಿ. ಹಣ ಹುಡುಕಾಟಕ್ಕೆ, ಉತ್ತರಕ್ಕಲ್ಲ ಎಂದು ಮೊದಲೇ ಬರೆಸುತ್ತಾರೆ. ಅರ್ಧ ಮುಂಗಡ, ಓಡಾಟದ ಖರ್ಚು ಬೇರೆ. ಏನೂ ಸಿಗದಿದ್ದರೆ ಎಲ್ಲೆಲ್ಲಿ ಹುಡುಕಿದೆ ಎಂಬ ಪಟ್ಟಿಯೇ ವರದಿ. ದಾಖಲೆ ಹೇಳುವುದು, ಜನ ಹೇಳುವುದು, ತಾನು ಊಹಿಸುವುದು, ಈ ಮೂರೂ ವರದಿಯಲ್ಲಿ ಬೇರೆ ಬೇರೆ. ನನಗೆ ಇದು ಆಕೆಯ ಎಲ್ಲ ಪಾಂಡಿತ್ಯಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಹಾದಿ ಹೊಸದಲ್ಲ. ಬೆಂಗಳೂರಿನಲ್ಲೇ ಹುಟ್ಟಿದ ಬಿ.ಎಲ್. ರೈಸ್ ಮೊದಲು ಮೇಷ್ಟ್ರು, ಆಮೇಲೆ ಶಾಲಾ ಇನ್‌ಸ್ಪೆಕ್ಟರು. ಸಂಚಾರದಲ್ಲಿ ಕಂಡ ಕಲ್ಲುಗಳ ಬೆನ್ನು ಹತ್ತಿ ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟಗಳನ್ನು ಕಟ್ಟಿದರು. ಬೆಂಗಳೂರು ಜಿಲ್ಲೆಯ ಸಂಪುಟ ಬಂದದ್ದು 1905ರಲ್ಲಿ. ಆಕೆಯ ಚೀಲದಲ್ಲಿ ಅದರ ಜೆರಾಕ್ಸ್ ಪ್ರತಿ ಯಾವಾಗಲೂ ಇರುತ್ತದೆ. ಇಂಥ ಊರು, ಇಂಥವನ ಹೊಲ ಎಂದು ರೈಸ್ ಗುರುತು ಬರೆದ ಜಾಗದಲ್ಲಿ ಇವತ್ತು ಬಡಾವಣೆ, ಪೆಟ್ರೋಲ್ ಬಂಕು. ಕೆಲವು ಕಲ್ಲು ಉಳಿದಿವೆ, ಕೆಲವು ಪಾಯದೊಳಗೆ ಹೋಗಿವೆ.

ಒಂದು ಕಲ್ಲು ಉಳಿದರೆ ಏನಾಗುತ್ತದೆ ಎಂಬುದಕ್ಕೆ ಬೇಗೂರಿಗೆ ಹೋಗಿ ನೋಡಬೇಕು. ಹೊಯ್ಸಳ ದೊರೆಗೆ ಮುದುಕಿ ಬೆಂದ ಕಾಳು ಕೊಟ್ಟಳು, ಅದರಿಂದ ಬೆಂಗಳೂರಿಗೆ ಹೆಸರು ಬಂತು ಎನ್ನುವ ಕತೆ ನಮಗೆಲ್ಲ ಗೊತ್ತು. ಬೇಗೂರಿನ ನಾಗೇಶ್ವರ ಗುಡಿಯ ವೀರಗಲ್ಲು ಸುಮಾರು ಕ್ರಿ.ಶ. 890ರದ್ದು, ಗಂಗರ ಕಾಲದ್ದು. ಅದರಲ್ಲಿ ಬೆಂಗಳೂರ ಕಾಳಗ ಎಂದು ಕೊರೆದಿದೆ. ಹೊಯ್ಸಳರು ಅರಸರಾಗುವ ಮೊದಲೇ ಊರೂ ಇತ್ತು, ಹೆಸರೂ ಇತ್ತು.

ಓದುಗರಲ್ಲಿ ಒಂದು ಮಾತು. ನಿಮ್ಮ ಮನೆಯಲ್ಲಿ ಕಡತ, ಕ್ರಯಪತ್ರ, ತಾಮ್ರಪಟ ಏನಿದ್ದರೂ ಲ್ಯಾಮಿನೇಷನ್ ಮಾಡಿಸಬೇಡಿ, ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಫೋಟೊ ತೆಗೆದಿಡಿ, ಓದಬಲ್ಲವರನ್ನು ಕರೆಸಿ. ಅವರ ಉತ್ತರ ನೀವು ಬಯಸಿದ್ದಲ್ಲದಿದ್ದರೂ ಓದಿದ ಶ್ರಮಕ್ಕೆ ಪೂರ್ತಿ ಹಣ ಕೊಡಿ.