ಇಂದಿನ ಜರ್ಮನ್ ಕಾದಂಬರಿಗಳಲ್ಲಿ ದೈವದ ಅನ್ವೇಷಣೆ

ದೇವರನ್ನು ಕುರಿತು ನೇರವಾಗಿ ಮಾತನಾಡಲು ಇಂದಿನ ಜರ್ಮನ್ ಕಾದಂಬರಿಕಾರರಲ್ಲಿ ಹಲವರು ಸಂಕೋಚಪಡುತ್ತಾರೆ. ಆದರೂ ಆ ಸಂಕೋಚದ ಮರೆಯಲ್ಲಿ ಒಂದು ಅರಸುವಿಕೆ ಅಡಗಿರುವುದುಂಟು. ಡಾನಿಯೆಲ್ ಕೇಲ್‌ಮಾನ್ 2013ರಲ್ಲಿ ಪ್ರಕಟಿಸಿದ ‘ಎಫ್’ ಎಂಬ ಕೃತಿಯಲ್ಲಿ ಮಾರ್ಟಿನ್ ಎಂಬ ಪಾದ್ರಿಯು ನಂಬಿಕೆಯಿಲ್ಲದೆಯೇ ಪೂಜಾವಿಧಿಗಳನ್ನು ನಡೆಸುತ್ತಾನೆ. ಎಂದಾದರೊಂದು ದಿನ ನಂಬಿಕೆ ಬಂದೀತೆಂಬ ಆಸೆ ಅವನದು.

ಸಿಬಿಲೆ ಲೆವಿತ್ಷಾರೋಫ್ (1954–2023) ಇದಕ್ಕಿಂತ ಮುಂದೆ ಹೋದ ಲೇಖಕಿ. ಆಕೆಯ ‘ಬ್ಲೂಮೆನ್‌ಬೆರ್ಗ್’ 2011ರಲ್ಲಿ ಹೊರಬಂದಿತು. ಕಥಾನಾಯಕರಾದ ಹಾನ್ಸ್ ಬ್ಲೂಮೆನ್‌ಬೆರ್ಗ್ (1920–1996) ಮ್ಯೂನ್‌ಸ್ಟರ್ ನಗರದಲ್ಲಿ ಪ್ರಾಧ್ಯಾಪಕರಾಗಿ ನಿಜವಾಗಿ ಬಾಳಿದ್ದ ತತ್ತ್ವಜ್ಞರು. ಕಾದಂಬರಿಯಲ್ಲಿ, ಒಂದು ರಾತ್ರಿ ಅವರು ಬರೆಯುತ್ತ ಕುಳಿತಿರುವಾಗ ಕೋಣೆಯ ಜಮಖಾನದ ಮೇಲೆ ಸಿಂಹವೊಂದು ಮಲಗಿರುತ್ತದೆ. ಗರ್ಜಿಸದು, ಬೆದರಿಸದು, ಯಾವ ಸಂದೇಶವನ್ನೂ ಹೇಳದು. ಪಂಡಿತರಾದುದರಿಂದ ಅವರು ಪುರಾಣ, ಚಿತ್ರ, ಗ್ರಂಥಗಳ ಸಿಂಹಗಳನ್ನೆಲ್ಲ ನೆನೆಯುತ್ತಾರೆ. ಸಂತ ಜೆರೋಮನ ಪಾದದ ಬಳಿಯ ಸಿಂಹವೂ ಅವುಗಳಲ್ಲೊಂದು. ಕಡೆಗೆ ಅದನ್ನು ತಮಗೆ ಸಂದ ಗೌರವವೆಂದು ಸ್ವೀಕರಿಸುತ್ತಾರೆ. ಮುಂದೆ ಅದು ಉಪನ್ಯಾಸಮಂದಿರಕ್ಕೂ ಬರುತ್ತದೆ. ಅಲ್ಲಿ ಕುಳಿತ ವಿದ್ಯಾರ್ಥಿಗಳಿಗೆ ಅದು ಕಾಣಿಸದು. ಆದರೆ ಬೇರೊಂದೆಡೆ ವೃದ್ಧ ಸಂನ್ಯಾಸಿನಿಯೊಬ್ಬಳು ಅದನ್ನು ಕಾಣುತ್ತಾಳೆ, ಕಂಡು ಅಚ್ಚರಿಗೊಳ್ಳುವುದಿಲ್ಲ.

ಆ ವಿದ್ಯಾರ್ಥಿಗಳ ಗತಿಯೇನು? ಇಸಾ ಎಂಬವಳು ಗುರುವನ್ನು ಮೌನವಾಗಿ ಪ್ರೀತಿಸಿ ಸೇತುವೆಯಿಂದ ಹಾರಿ ಪ್ರಾಣ ಬಿಡುತ್ತಾಳೆ. ಇತರ ಕೆಲವರೂ ಅಕಾಲದಲ್ಲಿ ಸಾಯುತ್ತಾರೆ. ತರಗತಿಯಲ್ಲಿ ಬಹುಕಾಲ ಕಳೆದ ನನ್ನಂಥವನನ್ನು ಸಿಂಹಕ್ಕಿಂತಲೂ ಈ ಹುಡುಗಿಯೇ ಹೆಚ್ಚು ಕಾಡಿದಳು. ಗುರುವಿನ ಪೀಠದವರೆಗೆ ಬಂದ ಅನುಗ್ರಹವು ಎದುರಿನ ಬೆಂಚನ್ನು ಏಕೆ ತಲುಪಲಿಲ್ಲ? ಲೇಖಕಿಯು ಉತ್ತರಿಸುವುದಿಲ್ಲ. ಇದನ್ನು ಮೊದಲು ಕೃತಿಯ ಲೋಪವೆಂದೇ ಎಣಿಸಿದ್ದೆ. ಮರಳಿ ಓದಿದ ಮೇಲೆ ಹಾಗೆನ್ನಿಸಲಿಲ್ಲ. ಉತ್ತರವನ್ನು ಕೊಟ್ಟಿದ್ದರೆ ಆ ಸಾವುಗಳು ಸಿಂಹದ ಮಹಿಮೆಯನ್ನು ಸಾರುವ ದೃಷ್ಟಾಂತಗಳಾಗಿಬಿಡುತ್ತಿದ್ದವು. ದೇವರನ್ನು ಅರಸುವ ಕಥೆಗಾರನಿಗೆ ಅಷ್ಟು ಅಗ್ಗದ ಸಮಾಧಾನ ಸಲ್ಲದು.

2016ರ ‘ಪೆಂತೆಕೋಸ್ತ್ ಪವಾಡ’ದಲ್ಲಿ ಇದೇ ಪ್ರಶ್ನೆ ಹಾಸ್ಯದ ಉಡುಗೆಯಲ್ಲಿ ಬರುತ್ತದೆ. 2013ರಲ್ಲಿ, ರೋಮ್ ನಗರದಲ್ಲಿ ಕವಿ ಡಾಂಟೆಯನ್ನು ಕುರಿತು ಚರ್ಚಿಸಲು ನೆರೆದ ವಿದ್ವಾಂಸರು ಪೆಂತೆಕೋಸ್ತ್ ಹಬ್ಬದ ಗಂಟೆಗಳು ಮೊಳಗಿದಾಗ ಆನಂದದಿಂದ ಕಿಟಕಿಗಳ ಮೂಲಕ ಆಕಾಶಕ್ಕೇರುತ್ತಾರೆ. ಗಾಟ್‌ಲೀಬ್ ಎಂಬುವನೊಬ್ಬನೇ ಕೆಳಗುಳಿಯುತ್ತಾನೆ. ಆ ಹೆಸರಿನಲ್ಲಿ ದೇವರು, ಪ್ರೀತಿ ಎಂಬ ಎರಡು ಪದಗಳೂ ಇವೆ! ಫ್ರಾಂಕ್‌ಫರ್ಟಿನ ಮನೆಗೆ ಮರಳಿದ ಅವನು ಡಾಂಟೆಯ ಕಾವ್ಯವನ್ನು ಸರ್ಗ ಸರ್ಗವಾಗಿ ನೆನೆಯುತ್ತ, ತಾನೊಬ್ಬನೇ ಏಕೆ ಉಳಿದೆನೆಂದು ಬರೆಯತೊಡಗುತ್ತಾನೆ.