ಕನ್ನಡದ ಅಂಗಳದಲ್ಲಿ ಪಾದ್ರಿಯ ಲೇಖನಿ

1949ರಲ್ಲಿ ಕಲಬುರ್ಗಿಯಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠದಲ್ಲಿ ಕುಳಿತವರು ಒಬ್ಬ ಕ್ರೈಸ್ತ ಪಾದ್ರಿ, ರೆವರೆಂಡ್ ಉತ್ತಂಗಿ ಚನ್ನಪ್ಪನವರು. ಅಧ್ಯಕ್ಷರ ಪಟ್ಟಿಯಲ್ಲಿ ಈ ಹೆಸರನ್ನು ಓದಿ ಮುಂದೆ ಸಾಗುವವರೇ ಬಹಳ. ಇದೇ ಊರಿನ ಮೋಮಿನಪುರದಲ್ಲಿ ವಾಸಿಸುವ ನನಗೆ ಹಾಗೆ ಮುಂದೆ ಸಾಗಲು ಆಗುವುದಿಲ್ಲ. ಮೋಮಿನ್ ಎಂದರೆ ನಂಬಿಕೆಯುಳ್ಳವನು. ನೇಕಾರರ ಒಂದು ಸಮುದಾಯಕ್ಕೂ ಅದೇ ಹೆಸರು. ಹೈದರಾಬಾದ್ ಸಂಸ್ಥಾನದ ಮೇಲೆ ಪೊಲೀಸ್ ಕಾರ್ಯಾಚರಣೆ ನಡೆದುದು 1948ರ ಸೆಪ್ಟೆಂಬರಿನಲ್ಲಿ. ಅದಕ್ಕೆ ಮೊದಲು ರಜಾಕಾರರ ಹಾವಳಿಯಲ್ಲಿ ನೊಂದವರಿದ್ದರು. ಅದಾದ ಮೇಲೆ ಸೇಡಿನ ಬೆಂಕಿಯಲ್ಲಿ ಬೆಂದ ಮುಸಲ್ಮಾನ ಕುಟುಂಬಗಳೂ ಇದ್ದವು. ಒಬ್ಬರ ನಂಬಿಕೆ ಇನ್ನೊಬ್ಬರಿಗೆ ಭಯವಾಗಿದ್ದ ಆ ದಿನಗಳಲ್ಲಿ, ಉರ್ದುವಿನ ಅಧಿಕಾರದಡಿಯಲ್ಲಿ ಬಹುಕಾಲ ತಗ್ಗಿ ನಡೆದಿದ್ದ ಈ ಊರಿನ ಕನ್ನಡವು ತಲೆಯೆತ್ತಿ ಸಭೆ ಸೇರಿದಾಗ, ಸಭೆಯ ಮುಂದೆ ನಿಂತವರು ಹಿಂದುವೂ ಅಲ್ಲ, ಮುಸಲ್ಮಾನರೂ ಅಲ್ಲ. ಅವರನ್ನು ಆರಿಸಿದ್ದು ಈ ಕಾರಣಕ್ಕಾಗಿಯೇ ಎಂದು ನಾನು ಹೇಳುತ್ತಿಲ್ಲ. ಒಬ್ಬ ಧರ್ಮೋಪದೇಶಕನಿಗೆ ಆ ಪೀಠದವರೆಗೆ ದಾರಿ ಹೇಗೆ ತೆರೆಯಿತು ಎಂಬುದಷ್ಟೇ ನನ್ನ ಕುತೂಹಲ.

ಆ ದಾರಿಯ ಮೊದಲ ಕಲ್ಲು ಮಂಗಳೂರಿನಲ್ಲಿದೆ. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಅಲ್ಲಿಗೆ ಬಂದದ್ದು 1836ರಲ್ಲಿ. ಏಳು ವರ್ಷಗಳ ಅನಂತರ, 1843ರ ಜುಲೈ 1ರಂದು, ಆತ ‘ಮಂಗಳೂರ ಸಮಾಚಾರ’ ಎಂಬ ಪಾಕ್ಷಿಕವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದ. ಕನ್ನಡದ ಮೊದಲ ಪತ್ರಿಕೆ ಅದೇ. ಜುಲೈ 1ನ್ನು ನಾವು ಪತ್ರಿಕಾ ದಿನವೆಂದು ಆಚರಿಸುವುದು ಅದರ ನೆನಪಿಗೆ. ಮತಪ್ರಚಾರಕ್ಕೆಂದು ಬಂದವನ ಪತ್ರಿಕೆಯಲ್ಲಿ ಬರಿಯ ಮತಪ್ರಚಾರವೇ ಇದ್ದೀತೆಂದು ಊಹಿಸುವುದು ಸುಲಭ. ಆದರೆ ಊರಿನ ವರ್ತಮಾನ, ಸರಕಾರದ ನಿರೂಪ, ಪರಸ್ಥಳದ ಸುದ್ದಿ, ಗಾದೆ, ನೀತಿಕಥೆ, ಪುರಂದರದಾಸರ ಪದಗಳು ಎಲ್ಲವೂ ಅದರಲ್ಲಿ ಅಚ್ಚಾದವು. ಮರುವರ್ಷ ಪತ್ರಿಕೆ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವೆಂಬ ಹೆಸರು ತಳೆಯಿತು; ಹೆಚ್ಚು ದಿನ ಬಾಳಲಿಲ್ಲ.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ದೇವಾಲಯದ ಪೀಠದಿಂದ ಮಾತನಾಡುವವನಿಗೆ ಎದುರಾಡುವವರಿಲ್ಲ. ಕೇಳುವವರು ಆತನದೇ ಜನ. ಪ್ರವಚನ ಮುಗಿಯುವವರೆಗೆ ಎದ್ದು ಹೋಗಲಾರರು. ಅಚ್ಚಾದ ಹಾಳೆಯ ಸ್ಥಿತಿ ಹಾಗಲ್ಲ. ಅದು ಯಾರ ಕೈಗೆ ಸೇರುತ್ತದೆಂದು ಬರೆದವನಿಗೆ ತಿಳಿಯದು. ಓದುವವನು ಅದನ್ನು ಮಡಿಸಿ ಇಟ್ಟಾನು, ಉತ್ತರವನ್ನೂ ಬರೆದಾನು. ಆದುದರಿಂದ ಬರೆಯಲು ಕುಳಿತ ಪಾದ್ರಿ ಓದುವವನ ಮನೆಯ ಮಾತನ್ನು ಕಲಿಯಲೇಬೇಕಾಯಿತು. ಕಲಿಯುತ್ತ ಹೋದಂತೆ ಆ ಮನೆಯ ಮೇಲೆಯೇ ಮಮತೆ ಹುಟ್ಟಿದ ನಿದರ್ಶನಗಳು ನಮ್ಮ ನಾಡಿನಲ್ಲಿ ಒಂದೆರಡಲ್ಲ. ಮೋಗ್ಲಿಂಗನು ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳನ್ನು ಅಚ್ಚು ಹಾಕಿಸಿದ. ಕಿಟ್ಟೆಲ್ 1862ರಲ್ಲಿ ಕ್ರಿಸ್ತನ ಚರಿತ್ರೆಯನ್ನು ‘ಕಥಾಮಾಲೆ’ಯೆಂದು ನಮ್ಮ ಛಂದಸ್ಸಿನಲ್ಲಿ ಹಾಡಿದ, 1875ರಲ್ಲಿ ನಾಗವರ್ಮನ ಛಂದೋಗ್ರಂಥವನ್ನು ಸಂಪಾದಿಸಿದ, 1894ರಲ್ಲಿ ಆತನ ನಿಘಂಟು ಹೊರಬಂದಿತು. ಆ ನಿಘಂಟಿನ ಹೊಗಳಿಕೆಯನ್ನು ಎಲ್ಲರೂ ಕೇಳಿದ್ದಾರೆ, ನಾನು ಅದನ್ನು ಬೆಳೆಸುವುದಿಲ್ಲ.

ಇವರೆಲ್ಲ ಹೊರಗಿನಿಂದ ಬಂದವರು. ಚನ್ನಪ್ಪನವರ ಪ್ರಶ್ನೆ ಬೇರೆ, ಮತ್ತು ಅದು ಹೆಚ್ಚು ಕಠಿಣವಾದದ್ದು. 1881ರಲ್ಲಿ ಧಾರವಾಡದಲ್ಲಿ ಹುಟ್ಟಿದ ಅವರ ಮನೆತನದ ಮೂಲ ಬಳ್ಳಾರಿ ಸೀಮೆಯ ಹಡಗಲಿ ತಾಲೂಕಿನ ಉತ್ತಂಗಿ, ಪೂರ್ವಿಕರು ವೀರಶೈವರು. ಅವರಿಗೆ ವಚನವು ಕಲಿತುಕೊಳ್ಳಬೇಕಾದ ಪರರ ಸಾಹಿತ್ಯವಲ್ಲ, ಅಜ್ಜನ ಮನೆಯ ಮಾತು. ಕ್ರಿಸ್ತನನ್ನು ನಂಬಿದವನು ಅಜ್ಜನ ಮಾತನ್ನು ಬಿಡಬೇಕೆ? ಬಿಡಬೇಕೆನ್ನುವವರು ಒಳಗಿದ್ದರು, ಬಿಟ್ಟಮೇಲೆ ನಿನಗೇನು ಹಕ್ಕು ಎನ್ನುವವರು ಹೊರಗಿದ್ದರು. ಇಂಥವನನ್ನು ಎರಡೂ ಕಡೆಯವರು ಅನುಮಾನದಿಂದ ನೋಡುವುದು ಸಹಜವೇ. ಅವರ ಒಂದು ಪುಸ್ತಕದ ಹೆಸರು ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’. ಹೆಸರಿನ ಕೊನೆಯ ಪದವನ್ನು ನೋಡಿರಿ: ಆಜ್ಞೆಯಲ್ಲ, ಆಹ್ವಾನವೂ ಅಲ್ಲ, ವಿನಂತಿ. ಬಾಗಿಲ ಹೊರಗೆ ನಿಂತು, ಒಳಗಿನವರ ಮಾನವನ್ನು ಕಾಯ್ದುಕೊಂಡು ಕೇಳುವ ದನಿ ಅದು.

ನೆರೆಯ ಮರಾಠಿಯಲ್ಲಿ ಇದೇ ದಾರಿಯನ್ನು ತುಳಿದವರು ನಾರಾಯಣ ವಾಮನ ಟಿಳಕರು. ಅಮೆರಿಕದ ಮಿಷನ್ನಿನವರು 1842ರಲ್ಲಿ ಆರಂಭಿಸಿದ ‘ಜ್ಞಾನೋದಯ’ ಪತ್ರಿಕೆಯ ಮರಾಠಿ ಭಾಗವನ್ನು ಅವರು 1919ರಲ್ಲಿ ತೀರಿಕೊಳ್ಳುವವರೆಗೆ ನೋಡಿಕೊಂಡರು. ತುಕಾರಾಮನ ಅಭಂಗದ ಧಾಟಿಯಲ್ಲಿ ಕ್ರಿಸ್ತನನ್ನು ಹಾಡಿದರು. ಟಿಳಕರು ಕವಿಗಳು, ಚನ್ನಪ್ಪನವರು ಸಂಗ್ರಾಹಕರು. ಸಂಗ್ರಾಹಕನ ಕೆಲಸ ಕವಿಯದರಷ್ಟು ಹೊಳೆಯುವುದಿಲ್ಲ. ಆದರೂ ನನ್ನ ಒಲವು ಸಂಗ್ರಾಹಕನ ಕಡೆಗೆ.

ಏಕೆಂದರೆ ಚನ್ನಪ್ಪನವರು ತಮ್ಮ ಮತದ ಮಾತನ್ನು ನಾಡಿನ ಧಾಟಿಗೆ ಹೊಂದಿಸುವುದರಲ್ಲಿಯೇ ನಿಲ್ಲಲಿಲ್ಲ. ನಾಡಿನ ಮಾತನ್ನೇ ಹುಡುಕಿ ಹೊರಟರು. ಉಪದೇಶಕನ ವೃತ್ತಿಯಲ್ಲಿ ಊರೂರು ತಿರುಗುವಾಗ ಓಲೆಗರಿ, ಹಸ್ತಪ್ರತಿ, ಹಳ್ಳಿಗರ ಬಾಯಿ, ಎಲ್ಲಿ ಸಿಕ್ಕರೆ ಅಲ್ಲಿಂದ ಸರ್ವಜ್ಞನ ತ್ರಿಪದಿಗಳನ್ನು ಕೂಡಿಹಾಕಿ 1924ರಲ್ಲಿ ಪ್ರಕಟಿಸಿದರು. ಎರಡು ಸಾವಿರದ ಆಸುಪಾಸಿನ ಪದ್ಯಗಳು. ತೆಲುಗಿನಲ್ಲಿ ವೇಮನನ ಪದ್ಯಗಳನ್ನು ಬ್ರೌನ್ ದೊರೆ 1829ರಷ್ಟು ಹಿಂದೆಯೇ ಅಚ್ಚು ಹಾಕಿಸಿದ್ದ. ಆತನಿಗೆ ಅಧಿಕಾರವಿತ್ತು, ಪಂಡಿತರನ್ನು ನೇಮಿಸಿಕೊಳ್ಳುವ ಅನುಕೂಲವಿತ್ತು. ಚನ್ನಪ್ಪನವರು ತಮ್ಮನ್ನು ಕರೆದುಕೊಂಡದ್ದು ‘ತಿರುಳ್ಗನ್ನಡದ ತಿರುಕ’ನೆಂದು.

ತ್ರಿಪದಿಯು ಬೀಸುಕಲ್ಲಿನ ಛಂದಸ್ಸು. ನಮ್ಮ ಹೆಂಗಸರು ಜೋಳ ಬೀಸುತ್ತ ಹಾಡಿದ್ದು ಅದರಲ್ಲಿಯೇ. ಬಂದೇ ನವಾಜರು 1422ರಲ್ಲಿ ಈ ಊರಿನಲ್ಲಿ ಕಣ್ಮುಚ್ಚಿದ ಮೇಲಿನ ಶತಮಾನಗಳಲ್ಲಿ, ದಖ್ಖನಿನ ಸೂಫಿಗಳ ಉಪದೇಶವೂ ‘ಚಕ್ಕೀನಾಮಾ’ ಎಂಬ ದಖನಿ ಹಾಡುಗಳಾಗಿ ಬೀಸುಕಲ್ಲಿನ ಬಳಿಗೇ ಬಂದಿತು. ಒಂದೇ ಓಣಿಯ ಎರಡು ಮನೆಗಳಲ್ಲಿ ಎರಡು ಭಾಷೆ, ಎರಡು ದೇವರ ಹೆಸರು, ಆದರೆ ಕಲ್ಲು ತಿರುಗುವ ಸದ್ದು ಒಂದೇ. ಸಾಮಾನ್ಯ ಜನರೊಡನೆ ಮಾತನಾಡಬಯಸಿದ ಧರ್ಮಜ್ಞನು ಯಾವ ಮತದವನಾದರೂ ಕೊನೆಗೆ ಬಂದು ಕೂತದ್ದು ಅಲ್ಲಿಯೇ.

ಸಮ್ಮೇಳನದ ಎರಡು ವರ್ಷಗಳ ತರುವಾಯ, 1951ರಲ್ಲಿ, ಅವರು ‘ಅನುಭವ ಮಂಟಪದ ಐತಿಹಾಸಿಕತೆ’ಯನ್ನು ಬರೆದರು. ಕಲಬುರ್ಗಿಗೆ ನೆರೆಯದೇ ಆದ ಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದಲ್ಲಿ ಅಂಥದೊಂದು ಮಂಟಪವಿತ್ತೆ, ಅಥವಾ ಅದು ಶೂನ್ಯಸಂಪಾದನೆಗಳಂಥ ಮುಂದಿನ ಕೃತಿಗಳ ಕಲ್ಪನೆಯೆ ಎಂಬ ಶಂಕೆಗೆ ಅವರ ಉತ್ತರ ಅದು: ಇತ್ತು ಎಂಬುದು ಅವರ ಪಕ್ಷ. ಲಿಂಗವಂತರು ವಾದಿಸಬೇಕಾದ ವ್ಯಾಜ್ಯವನ್ನು ಪಾದ್ರಿಯೊಬ್ಬನು ಕೈಗೆತ್ತಿಕೊಂಡನಲ್ಲ ಎಂದು ಅಚ್ಚರಿಪಡುವವರುಂಟು. ನನಗೆ ಅದರಲ್ಲಿ ಅಚ್ಚರಿಯಿಲ್ಲ. ಸುವಾರ್ತೆಗಳ ಯೇಸು ಚರಿತ್ರೆಯ ವ್ಯಕ್ತಿಯೆ, ಭಕ್ತರ ನೆನಪು ಕಟ್ಟಿದ ಮೂರ್ತಿಯೆ ಎಂಬ ವಿವಾದ ಯುರೋಪಿನ ದೈವಜ್ಞರಲ್ಲಿ ನೂರು ವರ್ಷಕ್ಕೂ ಮಿಕ್ಕಿ ನಡೆದಿತ್ತು. ಸೆಮಿನರಿಯಲ್ಲಿ ಓದಿದವರಿಗೆ ಅದರ ಬಿಸಿ ತಟ್ಟದಿರಲಾರದು. ಭಕ್ತರ ನೆನಪನ್ನು ಅದು ನೆನಪೆಂಬ ಕಾರಣಕ್ಕಾಗಿಯೇ ತಳ್ಳಿಹಾಕಬಾರದು ಎಂಬ ಅರಿವನ್ನು ಅವರು ಅಲ್ಲಿಂದ ಇಲ್ಲಿಗೆ ತಂದರೆಂದು ನನ್ನ ಊಹೆ. ಅವರ ತೀರ್ಮಾನವನ್ನು ಎಲ್ಲರೂ ಒಪ್ಪಿಲ್ಲ, ಒಪ್ಪಬೇಕಾಗಿಯೂ ಇಲ್ಲ.

ಸರ್ವಜ್ಞನ ಸಂಗ್ರಹದ ಬಗೆಗೂ ಆಕ್ಷೇಪವುಂಟು. ಬಾಯಿಂದ ಬಾಯಿಗೆ ಬಂದ ಪದ್ಯಗಳಲ್ಲಿ ಕೊನೆಗೆ ‘ಸರ್ವಜ್ಞ’ ಎಂದು ಸೇರಿಸುವುದು ಯಾರಿಗೂ ಸುಲಭ. ಆ ಎರಡು ಸಾವಿರದಲ್ಲಿ ಒಬ್ಬನೇ ಕವಿಯವು ಎಷ್ಟು, ಜನ ಕಟ್ಟಿ ಅವನ ಹೆಸರಿಗೆ ಹಚ್ಚಿದವು ಎಷ್ಟು ಎಂಬ ಶೋಧನೆ ಮುಂದಿನ ವಿದ್ವಾಂಸರ ಪಾಲಿಗೆ ಉಳಿಯಿತು. ಚನ್ನಪ್ಪನವರು 1962ರಲ್ಲಿ ತೀರಿಕೊಂಡರು. ಸರ್ವಜ್ಞನನ್ನು ಕುರಿತು ವಾದಿಸುವವರು, ಅವರನ್ನು ಒಪ್ಪಲಿ ಬಿಡಲಿ, ಇಂದಿಗೂ ಮೊದಲು ಬಿಚ್ಚುವುದು 1924ರ ಆ ಪುಸ್ತಕವನ್ನೇ.