ನಾಗವಲ್ಲಿ ದೆವ್ವವಲ್ಲ

ಬೆಂಗಳೂರಿನ ಹೆಗ್ಗನಹಳ್ಳಿಯ ವಠಾರಗಳಲ್ಲಿ ಒಬ್ಬರ ಮನೆ ಟಿವಿಯಲ್ಲಿ ‘ಆಪ್ತಮಿತ್ರ’ ಬಂದರೆ ನಾಲ್ಕು ಮನೆಗೆ ಕೇಳಿಸುತ್ತದೆ. ಪಿ. ವಾಸು ನಿರ್ದೇಶಿಸಿ ದ್ವಾರಕೀಶ್ ನಿರ್ಮಿಸಿದ, 2004ರಲ್ಲಿ ತೆರೆಕಂಡ ಈ ಚಿತ್ರ ಮಕ್ಕಳಿಗೂ ಬಾಯಿಪಾಠ. ಚಿತ್ರದ ಬಗ್ಗೆ ಹಬ್ಬಿದ ತಪ್ಪು ಮಾತುಗಳೂ ಅಷ್ಟೇ ಬಾಯಿಪಾಠ.

‘ಗಂಗಾಳ ಮೈಮೇಲೆ ನಾಗವಲ್ಲಿ ದೆವ್ವ ಬರುತ್ತೆ.’

ಬರುವುದಿಲ್ಲ. ಹಳೆಯ ಅರಮನೆಯ ಬೀಗ ಹಾಕಿದ ಕೋಣೆಯ ಕಥೆ ಕೇಳಿ, ಅಲ್ಲಿ ಸತ್ತ ನರ್ತಕಿ ನಾಗವಲ್ಲಿಯ ಸಂಕಟದಲ್ಲಿ ಮುಳುಗಿ, ಮನೆಯ ಸೊಸೆ ಗಂಗಾ ತಾನೇ ನಾಗವಲ್ಲಿಯಾಗುತ್ತಾಳೆ. ವಿಷ್ಣುವರ್ಧನ್ ಮಾಡಿದ ಡಾ. ವಿಜಯ್ ಮಂತ್ರವಾದಿಯಲ್ಲ, ಮನೋವೈದ್ಯ. ಇದು ಕಾಯಿಲೆ ಎಂದು ಬಾಯಿಬಿಟ್ಟೇ ಹೇಳುತ್ತಾನೆ. ಹಾಗೆಂದು ಪ್ರೇಕ್ಷಕರನ್ನಷ್ಟೇ ದೂರುವಂತಿಲ್ಲ. ಮನೆಯಲ್ಲಿ ಕಾಣಿಸಿಕೊಳ್ಳುವ ಆ ದೈತ್ಯ ಹಾವಿಗೆ ಯಾವ ಮನೋವೈದ್ಯನ ಬಳಿಯೂ ವಿವರಣೆ ಇಲ್ಲ. ಹಾವಿನಲ್ಲಿ ಗೂಢಾರ್ಥ ಹುಡುಕುವವರಿದ್ದಾರೆ. ನನಗೆ ಅದು ಗಲ್ಲಾಪೆಟ್ಟಿಗೆಯ ಹಾವಾಗಿ ಕಾಣುತ್ತದೆ. ದೆವ್ವ ನೋಡಲೆಂದೇ ಟಿಕೆಟ್ ಕೊಂಡವರಿಗೆ ನಿರಾಸೆಯಾಗಬಾರದಲ್ಲ!

‘ಅದು ನಮ್ಮ ಮೈಸೂರು ಕಡೆ ನಡೆದ ಕಥೆ.’

ಕಥೆ ಬಂದದ್ದು ಕೇರಳದಿಂದ. ಮಧು ಮುಟ್ಟಂ ಬರೆದು ಫಾಸಿಲ್ ನಿರ್ದೇಶಿಸಿದ ‘ಮಣಿಚಿತ್ರತಾಳ್’ 1993ರದು. ಅಲ್ಲಿ ನಾಗವಲ್ಲಿ ತಂಜಾವೂರಿನ ತಮಿಳು ನರ್ತಕಿ. ಕನ್ನಡಕ್ಕೆ ಬರುವಾಗ ತೆಲುಗಿನವಳಾದಳು. ‘ರಾ ರಾ’ ಹಾಡೂ ತೆಲುಗೇ. 2005ರ ತಮಿಳು ‘ಚಂದ್ರಮುಖಿ’ಯಲ್ಲೂ ತೆಲುಗು, 2007ರ ಹಿಂದಿ ‘ಭೂಲ್ ಭುಲಯ್ಯಾ’ದಲ್ಲಿ ಬಂಗಾಳಿ. ಯಾವ ಮನೆಗೆ ಹೋದರೂ ಅವಳು ಆ ಮನೆಯ ಭಾಷೆಯವಳಲ್ಲ. ಚಿತ್ರದ ನಿಜವಾದ ಭಯ ಇಲ್ಲೇ ಇದೆ ಎನ್ನುವುದು ನನ್ನ ಓದು. ರಾಜ ಬಲವಂತದಿಂದ ತಂದಿಟ್ಟುಕೊಂಡ ಹೆಣ್ಣು, ಕಣ್ಣೆದುರೇ ಕೊಲೆಯಾದ ಪ್ರಿಯಕರ, ಗೋಳು ಹೇಳಿಕೊಂಡರೂ ಕೇಳಿಸಿಕೊಳ್ಳುವವರಿಲ್ಲದ ಅರಮನೆ. ಪೀಣ್ಯದ ಕಾರ್ಖಾನೆಗಳಿಗೆ ದುಡಿಯಲು ಬಂದವರ ತೆಲುಗು, ತಮಿಳು, ಹಿಂದಿ ಒಂದೇ ನಲ್ಲಿಯ ಮುಂದೆ ಬೆರೆಯುವ ಹೆಗ್ಗನಹಳ್ಳಿಯಲ್ಲಿ ತೆಲುಗು ಕೇಳಿ ಯಾರೂ ಬೆಚ್ಚುವುದಿಲ್ಲ. ಅದೇ ಭಾಷೆ ಗಂಗಾಳ ಬಾಯಿಂದ ಬಂದರೆ ಮೈ ಜುಮ್ಮೆನ್ನುತ್ತದೆ, ಏಕೆಂದರೆ ಮೆತ್ತಗಿದ್ದ ಸೊಸೆಯೊಳಗೆ ಇಷ್ಟು ಸಿಟ್ಟಿತ್ತೆಂದು ಮನೆಯವರಿಗೆ ಗೊತ್ತೇ ಇರಲಿಲ್ಲ.

‘ವಿಷ್ಣು ದ್ವಿಪಾತ್ರ ಬರೀ ಅಭಿಮಾನಿಗಳಿಗೆ.’

ಅವರಿಗೂ ಹೌದು, ಮೂಲದಲ್ಲಿ ವೈದ್ಯನಾದ ಮೋಹನ್‌ಲಾಲ್‌ಗೆ ಎರಡು ಪಾತ್ರವಿಲ್ಲ. ಆದರೆ ಕ್ರೂರಿ ರಾಜ ವಿಜಯ ರಾಜೇಂದ್ರ ಬಹದ್ದೂರನಿಗೂ ವೈದ್ಯನಿಗೂ ಒಂದೇ ಮುಖ ಬಂದಾಗ ಕಥೆಯ ತೂಕ ಬದಲಾಯಿತು. ಗುಣಪಡಿಸುವವನು ಅಪರಾಧಿಯ ಮುಖ ಹೊತ್ತೇ ಅವಳೆದುರು ನಿಲ್ಲಬೇಕು. ವಾಸು ಇಷ್ಟೆಲ್ಲ ಲೆಕ್ಕ ಹಾಕಿದ್ದರೋ ಇಲ್ಲವೋ, ತೆರೆಯ ಮೇಲಂತೂ ಅದು ಕಾಣುತ್ತದೆ.

‘ಅವಳದು ಸ್ಕಿಜೋಫ್ರೇನಿಯಾ.’

ಅಲ್ಲ. ಅದರಲ್ಲಿ ಭ್ರಮೆಗಳು, ಇಲ್ಲದ ದನಿ ಕೇಳಿಸುವುದು ಮುಖ್ಯ. ಒಬ್ಬರೊಳಗೆ ಇಬ್ಬರಾಗುವುದು ಬೇರೆಯೇ ಕಾಯಿಲೆ. ಅದನ್ನು ಹಿಂದೆ ಬಹುವ್ಯಕ್ತಿತ್ವ ಎನ್ನುತ್ತಿದ್ದರು, ಈಗ ಡಿಸೋಸಿಯೇಟಿವ್ ಐಡೆಂಟಿಟಿ ಡಿಸಾರ್ಡರ್ ಎನ್ನುತ್ತಾರೆ. ಗಂಗಾಳ ಕೈಯಿಂದ ರಾಜನ ಬದಲು ಗೊಂಬೆಯನ್ನು ಕೊಲ್ಲಿಸಿ ಒಂದೇ ರಾತ್ರಿಯಲ್ಲಿ ವಾಸಿ ಮಾಡುವುದು ಸಿನಿಮಾದ ಚಿಕಿತ್ಸೆ. ನಿಮ್ಹಾನ್ಸ್‌ಗೆ ಹೋದರೆ ತಿಂಗಳುಗಟ್ಟಲೆ ಕೂರಿಸಿ ಮಾತಾಡಿಸುತ್ತಾರೆ.

‘ನಾಗವಲ್ಲಿಯ ಶಾಪ ಇಬ್ಬರನ್ನೂ ಬಲಿ ತೆಗೆದುಕೊಂಡಿತು.’

ಗಂಗಾಳ ಪಾತ್ರ ಮಾಡಿದ ಸೌಂದರ್ಯ ತೀರಿಕೊಂಡದ್ದು 2004ರ ಏಪ್ರಿಲ್ 17ರಂದು, ಚಿತ್ರ ಬಿಡುಗಡೆಯಾಗುವ ಮೊದಲೇ. ಚುನಾವಣಾ ಪ್ರಚಾರಕ್ಕೆ ಕರೀಂನಗರಕ್ಕೆ ಹೊರಟ ಪುಟ್ಟ ವಿಮಾನ ಜಕ್ಕೂರಿನಿಂದ ಮೇಲೇರಿದ ಸ್ವಲ್ಪದರಲ್ಲೇ ಬಿತ್ತು. ವಿಷ್ಣುವರ್ಧನ್ 2009ರ ಡಿಸೆಂಬರ್ 30ರಂದು ಮೈಸೂರಿನಲ್ಲಿ ಹೃದಯಾಘಾತದಿಂದ ಹೋದರು. ಮುಂದಿನ ಭಾಗ ‘ಆಪ್ತರಕ್ಷಕ’ ಬಂದದ್ದು ಆಮೇಲೆ, 2010ರಲ್ಲಿ. ಎರಡು ಸಾವು, ನಡುವೆ ಐದು ವರ್ಷಕ್ಕೂ ಹೆಚ್ಚು. ಶಾಪ ಎನ್ನುವವರು ತಮಿಳು, ಹಿಂದಿಯಲ್ಲಿ ಇದೇ ಪಾತ್ರ ಮಾಡಿದ ಜ್ಯೋತಿಕಾ, ವಿದ್ಯಾ ಬಾಲನ್ ಅವರನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಮೊದಲ ನಾಗವಲ್ಲಿಯಾಗಿ ರಾಷ್ಟ್ರಪ್ರಶಸ್ತಿ ಪಡೆದ ಶೋಭನಾಗೆ 2025ರಲ್ಲಿ ಪದ್ಮಭೂಷಣ ಬಂತು.